ನಾಗಾ ಸುದ್ದಿ ಬಂದಾಗ ಅದನ್ನ ಸರಿಯಾಗಿ ಓದೋದು ಹೇಗೆ: ಬೆಂಗಳೂರಿನವರಿಗೆ ಒಂದು ಗೈಡ್

ನಮ್ ಕನ್ನಡ ಪೇಪರ್‌ಗಳಲ್ಲಿ ಈಶಾನ್ಯದ ನಾಗಾ ಜನರ ಸುದ್ದಿ ಬರೋದೇ ಅಪರೂಪ. ಬಂದ್ರೂ ಒಳಪುಟದಲ್ಲಿ ನಾಲ್ಕು ಸಾಲು, "ನಾಗಾ ಬಂಡುಕೋರರ ಜೊತೆ ಮಾತುಕತೆ" ಅಂತ ಹೆಡ್ಡಿಂಗು, ಅದ್ರಲ್ಲಿ ಯಾವ ಗುಂಪು, ಯಾವ ಜಿಲ್ಲೆ, ಏನು ಕೇಳ್ತಿದಾರೆ ಅನ್ನೋದು ಒಂದೂ ಇರಲ್ಲ. ಆದ್ರೆ ಇದೇ ಊರಲ್ಲಿ, ಕಮ್ಮನಹಳ್ಳಿ, ಲಿಂಗರಾಜಪುರ, ನೀಲಸಂದ್ರ, ಈಜಿಪುರ ಕಡೆ ಹೋದ್ರೆ ಎಷ್ಟೊಂದು ನಾಗಾ ಹುಡುಗ ಹುಡುಗೀರು ರೂಮ್ ಮಾಡ್ಕೊಂಡಿದಾರೆ, ಕಾಲೇಜಲ್ಲಿ ಓದ್ತಿದಾರೆ, ಆಸ್ಪತ್ರೆ, ಹೋಟ್ಲು, ಸಲೂನು, ಐಟಿ ಕಂಪನಿ ಎಲ್ಲಾ ಕಡೆ ಕೆಲ್ಸ ಮಾಡ್ತಿದಾರೆ. ದಿನಾ ಪಕ್ಕದಲ್ಲಿ ಕೂರೋರ ಊರಲ್ಲಿ ಸ್ವಾತಂತ್ರ್ಯ ಬಂದಾಗಿಂದ ಬಗೆಹರೀದೆ ಇರೋ ಒಂದು ವಿಷ್ಯ ಇದೆ, ಭಾರತಕ್ಕೆ ಸೇರದೆ ಸ್ವತಂತ್ರವಾಗಿ ಇರ್ಬೇಕು ಅನ್ನೋ ಬೇಡಿಕೆ, ಅದ್ರ ಬಗ್ಗೆ ನಮಗೆ ಅಆಇಈನೂ ಗೊತ್ತಿಲ್ಲ ಅಂದ್ರೆ ಅದು ಸರಿಯಲ್ಲ ಅಂತ ನನಗನ್ಸತ್ತೆ, ಅದಕ್ಕೇ ಇದನ್ನ ಬರೀತಿದೀನಿ. ಇದು ಯಾರ ಪರ ನಿಲ್ಬೇಕು ಅಂತ ಹೇಳೋ ಗೈಡ್ ಅಲ್ಲ. ಸುದ್ದಿ ಕಣ್ಣಿಗೆ ಬಿದ್ದಾಗ ಮೂರು ವಿಷ್ಯ ಕೇಳ್ಕೋಬೇಕು ಅಷ್ಟೆ: ಇಲ್ಲಿ ಮಾತಾಡ್ತಿರೋದು ಯಾವ ಗುಂಪು, ಅವ್ರು ಯಾವ ನೆಲದ ಬಗ್ಗೆ ಹೇಳ್ತಿದಾರೆ, ಮಧ್ಯದಲ್ಲಿರೋ ಒಪ್ಪಂದದ ಕಾಗದ ಯಾವುದು. ಈ ಮೂರು ಗೊತ್ತಾದ್ರೆ ಸುದ್ದಿ ಮುಕ್ಕಾಲು ಪಾಲು ಅರ್ಥ ಆಗತ್ತೆ.

ಮೊದಲು ಮ್ಯಾಪ್ ತೆಗೀರಿ. ಫೋನಲ್ಲೇ ಸಾಕು. ನಾಗಾಲ್ಯಾಂಡ್ ಅನ್ನೋದು 16,579 ಚದರ ಕಿಲೋಮೀಟರ್‌ನ ಚಿಕ್ಕ ರಾಜ್ಯ, 2011ರ ಜನಗಣತಿ ಪ್ರಕಾರ ಇಪ್ಪತ್ತು ಲಕ್ಷಕ್ಕೆ ಸ್ವಲ್ಪ ಕಮ್ಮಿ ಜನ, ಅಂದ್ರೆ ಬೆಂಗಳೂರಿನ ಒಂದು ಮೂಲೆಗೂ ಸಾಲಲ್ಲ. ಆದ್ರೆ ನಾಗಾ ಜನ ಇರೋದು ಆ ಗೆರೆ ಒಳಗಡೆ ಮಾತ್ರ ಅಲ್ಲ, ಇದನ್ನ ಮೊದಲು ತಲೇಲಿ ಇಟ್ಕೊಳ್ಳಿ. ಕೆಳಗಡೆ ಮಣಿಪುರದಲ್ಲಿ ಉಖ್ರುಲ್, ಸೇನಾಪತಿ, ತಮೆಂಗ್‌ಲಾಂಗ್, ಚಂದೇಲ್ ನೋಡಿ, ಅಲ್ಲೆಲ್ಲ ತಾಂಗ್‌ಖುಲ್, ಮಾವೊ, ಪೌಮೈ, ಝೆಲಿಯಾಂಗ್‌ರಾಂಗ್ ಹೀಗೆ ನಾಗಾ ಜನ. ಮೇಲ್ಗಡೆ ಅರುಣಾಚಲದ ತಿರಾಪ್, ಚಾಂಗ್‌ಲಾಂಗ್, ಲಾಂಗ್ಡಿಂಗ್ ಕಡೆ ಇದಾರೆ, ಅಸ್ಸಾಮಲ್ಲೂ ಇದಾರೆ. ಪೂರ್ವಕ್ಕೆ ಗಡಿ ದಾಟಿದ್ರೆ ಮ್ಯಾನ್ಮಾರ್‌ನ ಸಗಾಯಿಂಗ್ ಪ್ರದೇಶದಲ್ಲಿ ಲಾಹೆ, ಲೇಶಿ, ನಾನ್ಯುನ್ ಅನ್ನೋ ಊರುಗಳ ಸುತ್ತ ಅವ್ರದ್ದೇ ಒಂದು ಸ್ವಯಮಾಡಳಿತ ವಲಯ ಇದೆ. ಮೋನ್ ಜಿಲ್ಲೆಯ ಲೋಂಗ್ವಾ ಅನ್ನೋ ಹಳ್ಳೀನ ಹುಡುಕಿ, ಅಂತಾರಾಷ್ಟ್ರೀಯ ಗಡಿ ಆ ಹಳ್ಳಿ ಮಧ್ಯದಲ್ಲೇ, ಅಲ್ಲಿನ ಮುಖ್ಯಸ್ಥರಾದ ಆಂಗ್ ಅವರ ಮನೆ ಮೇಲೇನೇ ಹಾದುಹೋಗತ್ತೆ. 2024ರಲ್ಲಿ ಕೇಂದ್ರ ಸರ್ಕಾರ ಮ್ಯಾನ್ಮಾರ್ ಗಡಿಗೆ ಬೇಲಿ ಹಾಕ್ತೀವಿ, ವೀಸಾ ಇಲ್ದೆ ಓಡಾಡೋ ವ್ಯವಸ್ಥೆ ತೆಗೀತೀವಿ ಅಂದಾಗ ನಾಗಾ ಸಂಘಟನೆಗಳು ಯಾಕೆ ಅಷ್ಟು ಜೋರಾಗಿ ವಿರೋಧ ಮಾಡಿದ್ವು ಅಂತ ಈ ಒಂದು ಹಳ್ಳಿ ನೋಡಿದ್ರೆ ಗೊತ್ತಾಗತ್ತೆ.

ಈ ಎಲ್ಲಾ ನೆಲ ಸೇರಿಸಿದ್ದನ್ನ ಅವ್ರು ನಾಗಾಲಿಮ್ ಅಂತ ಕರೀತಾರೆ. ಸುದ್ದೀಲಿ ನಾಗಾಲ್ಯಾಂಡ್ ಅಂತ ಇದ್ರೆ ಒಂದು ಅರ್ಥ, ನಾಗಾಲಿಮ್ ಅಂತ ಇದ್ರೆ ಬೇರೇನೇ. ಎರಡನೇದು ಕಂಡ ತಕ್ಷಣ ಇಂಫಾಲ, ಗುವಾಹಟಿ, ಇಟಾನಗರ ಮೂರೂ ಕಡೆ ಎದೆ ಹೊಡ್ಕೊಳತ್ತೆ, ಯಾಕಂದ್ರೆ ಅದು ಅವ್ರ ರಾಜ್ಯದ ಗಡಿಯ ಪ್ರಶ್ನೆ. ಬೆಳಗಾವಿ ವಿಷ್ಯ ಎತ್ತಿದ್ರೆ ನಮಗೆಲ್ಲ ಹೇಗಾಗತ್ತೆ ಅಂತ ನೆನಪಿಸ್ಕೊಂಡ್ರೆ ಇಂಫಾಲ ಕಣಿವೆಯ ಮೈತೇಯಿ ಜನರ ಭಯ ನಮಗೂ ಅರ್ಥ ಆಗತ್ತೆ. 2001ರ ಜೂನಲ್ಲಿ ಬ್ಯಾಂಕಾಕಲ್ಲಿ ಕೇಂದ್ರ ಮತ್ತೆ ಎನ್‌ಎಸ್‌ಸಿಎನ್-ಐಎಂ ಅನ್ನೋ ನಾಗಾ ಗುಂಪಿನ ನಡುವಿನ ಕದನ ವಿರಾಮಾನ "ಪ್ರಾದೇಶಿಕ ಮಿತಿ ಇಲ್ದೆ", ಅಂದ್ರೆ ನಾಗಾಲ್ಯಾಂಡ್ ಆಚೆಗೂ, ವಿಸ್ತರಿಸ್ತೀವಿ ಅಂತ ಒಪ್ಪಂದ ಆಯ್ತು, ಅಷ್ಟಕ್ಕೇ ಇಂಫಾಲ ಹೊತ್ತಿ ಉರೀತು, ಜೂನ್ 18ಕ್ಕೆ ವಿಧಾನಸಭೆ ಕಟ್ಟಡಕ್ಕೇ ಬೆಂಕಿ ಬಿತ್ತು, ಗೋಲಿಬಾರಲ್ಲಿ ಹದಿನೆಂಟು ಜನ ಸತ್ರು, ಕೊನೆಗೆ ಕೇಂದ್ರ ಆ ಮಾತನ್ನ ವಾಪಸ್ ತಗೊಂಡ್ತು. ಹಾಗಾಗಿ ದೆಹಲೀಲಿ ಏನೇ ಒಪ್ಪಂದ ಆಗ್ಲಿ, ನೀವು ಮೊದಲು ನೋಡ್ಬೇಕಿರೋದು ಇಂಫಾಲದವರು ಏನಂದ್ರು ಅಂತ.

ಈಗ ಗುಂಪುಗಳ ವಿಷ್ಯ. ಇದೇ ಎಲ್ಲರಿಗೂ ತಲೆ ಕೆಡಿಸೋದು, ಇಂಗ್ಲಿಷ್ ಅಕ್ಷರಗಳ ದೊಡ್ಡ ಸಂತೆ. ಒಂದು ಹಾಳೆ ತಗೊಂಡು ಬರ್ಕೊಳ್ಳಿ, ನಾನು ಹಾಗೇ ಮಾಡಿ ಇಟ್ಕೊಂಡಿರೋದು. ಮೇಲ್ಗಡೆ ಎನ್‌ಎನ್‌ಸಿ ಅಂತ ಬರೀರಿ, ನಾಗಾ ನ್ಯಾಷನಲ್ ಕೌನ್ಸಿಲ್, 1946ರಲ್ಲಿ ಶುರು. ಇದ್ರ ದೊಡ್ಡ ನಾಯಕ ಖೊನೊಮಾ ಊರಿನ ಅಂಗಾಮಿ ನಾಗಾ, ಎ.ಝಡ್. ಫಿಜೊ. 1947ರ ಆಗಸ್ಟ್ 14ಕ್ಕೇ ಇವ್ರು ನಾವು ಸ್ವತಂತ್ರ ಅಂತ ಘೋಷಿಸ್ಕೊಂಡ್ರು, ಭಾರತಕ್ಕೆ ಸ್ವಾತಂತ್ರ್ಯ ಬರೋಕೆ ಒಂದು ದಿನ ಮುಂಚೆ. 1951ರ ಮೇ 16ಕ್ಕೆ ಜನಮತ ಶುರು ಮಾಡಿದ್ರು, 99.9 ಪರ್ಸೆಂಟ್ ಜನ ಸ್ವಾತಂತ್ರ್ಯದ ಪರ ಅಂದ್ರು. ಈ ಅಂಕಿ ನಿಮಗೆ ಎಲ್ಲಾ ಕಡೆ ಸಿಗತ್ತೆ, ಆದ್ರೆ ಇದು ಎನ್‌ಎನ್‌ಸಿಯೇ ನಡೆಸಿ, ಎನ್‌ಎನ್‌ಸಿಯೇ ಕೊಟ್ಟ ಲೆಕ್ಕ, ದೆಹಲಿ ಇದನ್ನ ಯಾವತ್ತೂ ಒಪ್ಪಿಲ್ಲ. ಅಂಕಿ ಕಂಡಾಗ ಯಾರು ಕೊಟ್ಟಿದ್ದು ಅಂತ ಪಕ್ಕದಲ್ಲೇ ಬರ್ಕೊಳ್ಳಿ. ಹಾಗಂತ ಅದನ್ನ ಸುಮ್ನೆ ತಳ್ಳಿಹಾಕೋಕೂ ಆಗಲ್ಲ, ಯಾಕಂದ್ರೆ 1952ರ ಮೊದಲ ಲೋಕಸಭಾ ಚುನಾವಣೇನ ನಾಗಾ ಬೆಟ್ಟಗಳಲ್ಲಿ ಜನ ಬಹಿಷ್ಕಾರ ಹಾಕಿದ್ದು ನಿಜ.

1956ರ ಮಾರ್ಚ್ 22ಕ್ಕೆ ಎನ್‌ಎನ್‌ಸಿ ತನ್ನದೇ ಒಂದು ಸರ್ಕಾರ ಮಾಡ್ಕೊಳತ್ತೆ, ಫೆಡರಲ್ ಗವರ್ನಮೆಂಟ್ ಆಫ್ ನಾಗಾಲ್ಯಾಂಡ್ ಅಂತ. ಅದೇ ವರ್ಷ ನವೆಂಬರ್ 1ಕ್ಕೆ ನಮ್ಮ ಏಕೀಕರಣ ಆಗಿದ್ದು. ನಾವಿಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯ್ತು ಅಂತ ಖುಷಿಪಡೋ ಹೊತ್ತಿಗೆ ಅಲ್ಲಿ ಸೇನೆ ಇಳಿದು ಹಳ್ಳಿಗಳು ಸುಟ್ಟುಹೋಗ್ತಿದ್ವು, ಕಾಡು ಸೇರಿದ ಹುಡುಗ್ರು ಗುಂಡು ಹಾರಿಸ್ತಿದ್ರು. ಫಿಜೊ ಆ ವರ್ಷವೇ ಪೂರ್ವ ಪಾಕಿಸ್ತಾನಕ್ಕೆ ಹೋಗಿ, 1960ರಲ್ಲಿ ಲಂಡನ್ ಸೇರಿ, 1990ರಲ್ಲಿ ಅಲ್ಲೇ ತೀರ್ಕೊಂಡ್ರು. ಎಎಫ್‌ಎಸ್‌ಪಿಎ ಅಂತ ಇವತ್ತು ನಾವು ಕಾಶ್ಮೀರದ ಸುದ್ದೀಲಿ ಕೇಳ್ತೀವಲ್ಲ, ಸೇನೆಗೆ ವಿಶೇಷಾಧಿಕಾರ ಕೊಡೋ ಕಾಯ್ದೆ, ಅದ್ರ ಮೂಲ ಕಾಯ್ದೆ 1958ರಲ್ಲಿ ಬಂದಿದ್ದೇ ಈ ನಾಗಾ ಬೆಟ್ಟಗಳ ಕಾರಣಕ್ಕೆ.

ಹಾಳೇಲಿ ಕೆಳಗಡೆ 1975 ಅಂತ ಹಾಕಿ, ಶಿಲ್ಲಾಂಗ್ ಒಪ್ಪಂದ. ನವೆಂಬರ್ 11. ಭೂಗತರ, ಅಂದ್ರೆ ಕಾಡು ಸೇರಿ ಹೋರಾಡ್ತಿದ್ದವ್ರ ಕಡೆಯ ಕೆಲವರು ಸಂವಿಧಾನ ಒಪ್ಕೊಂಡು, ಆಯುಧ ಒಪ್ಪಿಸ್ತೀವಿ ಅಂತ ಸಹಿ ಹಾಕಿದ್ರು. ತುರ್ತು ಪರಿಸ್ಥಿತಿ ಕಾಲ ಅದು. ಲಂಡನ್ನಲ್ಲಿದ್ದ ಫಿಜೊ ಇದನ್ನ ಒಪ್ತೀನಿ ಅಂತಾನೂ ಅನ್ನಲಿಲ್ಲ, ಬೇಡ ಅಂತ ಖಂಡಿಸಲೂ ಇಲ್ಲ. ಇದೇ ಸಿಟ್ಟಲ್ಲಿ ಮೂರು ಜನ ಸೇರಿ 1980ರ ಜನವರಿ 31ಕ್ಕೆ ಹೊಸ ಸಂಘಟನೆ ಕಟ್ತಾರೆ, ನ್ಯಾಷನಲ್ ಸೋಷಿಯಲಿಸ್ಟ್ ಕೌನ್ಸಿಲ್ ಆಫ್ ನಾಗಾಲ್ಯಾಂಡ್, ಎನ್‌ಎಸ್‌ಸಿಎನ್. ಆ ಮೂರು ಜನ ಯಾರು ಎಲ್ಲಿಯವರು ಅಂತ ಸರಿಯಾಗಿ ನೋಡಿ: ಇಸಾಕ್ ಚಿಶಿ ಸ್ವೂ ಈಗಿನ ನಾಗಾಲ್ಯಾಂಡಿನ ಸುಮಿ ನಾಗಾ, ಥುಯಿಂಗಲೆಂಗ್ ಮುಯಿವಾ ಮಣಿಪುರದ ಉಖ್ರುಲ್ ಜಿಲ್ಲೆ ಸೊಮ್‌ದಾಲ್ ಊರಿನ ತಾಂಗ್‌ಖುಲ್, ಎಸ್.ಎಸ್. ಖಾಪ್ಲಾಂಗ್ ಮ್ಯಾನ್ಮಾರ್ ಕಡೆಯ ನಾಗಾ. ಮೊದಲು ಮ್ಯಾಪ್ ನೋಡಿ ಅಂದಿದ್ದು ಇದಕ್ಕೇ. ಸಂಘಟನೆಯ ದೊಡ್ಡ ನಾಯಕ ಮುಯಿವಾನ ಊರೇ ಮಣಿಪುರದಲ್ಲಿದ್ರೆ ಬರೀ ನಾಗಾಲ್ಯಾಂಡ್ ರಾಜ್ಯಕ್ಕೆ ಏನೋ ಕೊಟ್ಟು ಮಾತುಕತೆ ಮುಗಿಸೋಕೆ ಅವ್ನು ಹೇಗೆ ಒಪ್ತಾನೆ? ಆ ಕಡೆ ಖಾಪ್ಲಾಂಗ್‌ಗೆ ದೆಹಲಿ ಜೊತೆ ಏನೇ ಒಪ್ಪಂದ ಆದ್ರೂ ತನ್ನ ಜನರಿಗೆ ಏನೂ ಸಿಗಲ್ಲ.

1988ರ ಏಪ್ರಿಲಲ್ಲಿ ಒಡೆದುಹೋಯ್ತು. ಮ್ಯಾನ್ಮಾರ್ ಕಾಡಲ್ಲಿ ಒಂದೇ ಸಂಘಟನೆಯವ್ರು ಒಬ್ರನ್ನೊಬ್ರು ಕೊಂದ್ರು, ಆ ಗಾಯ ಇವತ್ತಿಗೂ ಆರಿಲ್ಲ. ಅಲ್ಲಿಂದ ಎನ್‌ಎಸ್‌ಸಿಎನ್-ಐಎಂ ಅಂದ್ರೆ ಇಸಾಕ್-ಮುಯಿವಾ, ಎನ್‌ಎಸ್‌ಸಿಎನ್-ಕೆ ಅಂದ್ರೆ ಖಾಪ್ಲಾಂಗ್. ಆಮೇಲೆ ಕೆ ಒಡೆದು ಇನ್ನೂ ಏನೇನೋ ಆಯ್ತು, ಯುನಿಫಿಕೇಶನ್, ರಿಫಾರ್ಮೇಶನ್, ಯುಂಗ್ ಆಂಗ್ ಬಣ, ನಿಕಿ ಸುಮಿ ಬಣ. ಎಲ್ಲಾ ಬಾಯಿಪಾಠ ಮಾಡೋದೇನೂ ಬೇಡ. ಈ ಒಂದು ವ್ಯತ್ಯಾಸ ಗೊತ್ತಿದ್ರೆ ಸಾಕು: ಐಎಂ 1997ರ ಆಗಸ್ಟ್ 1ರಿಂದ ಭಾರತ ಸರ್ಕಾರದ ಜೊತೆ ಕದನ ವಿರಾಮದಲ್ಲಿದೆ, ದಿಮಾಪುರದ ಹತ್ರ ಹೆಬ್ರಾನ್ ಅನ್ನೋ ಕ್ಯಾಂಪಲ್ಲಿ ಬಹಿರಂಗವಾಗೇ ಕೂತಿದೆ. ಖಾಪ್ಲಾಂಗ್ ಗುಂಪು 2001ರಲ್ಲಿ ಮಾಡ್ಕೊಂಡ ಕದನ ವಿರಾಮಾನ 2015ರ ಮಾರ್ಚಲ್ಲಿ ಮುರಿದು, ಜೂನ್ 4ಕ್ಕೆ ಚಂದೇಲಲ್ಲಿ ಸೇನಾ ವಾಹನಗಳ ಮೇಲೆ ದಾಳಿ ಮಾಡ್ತು, ಹದಿನೆಂಟು ಯೋಧರು ತೀರ್ಕೊಂಡ್ರು. ಆ ದಾಳಿ ಆಗಿ ಎರಡು ತಿಂಗಳಿಗೆ ಪ್ರಧಾನಿ ಮನೇಲಿ ಐಎಂ ಜೊತೆ ಒಪ್ಪಂದಕ್ಕೆ ಸಹಿ ಬಿತ್ತು. ಎರಡೂ ಸುದ್ದೀಲಿ "ನಾಗಾ ಬಂಡುಕೋರರು" ಅಂತ ಒಂದೇ ಪದ ಓದಿದವರಿಗೆ ಸರ್ಕಾರ ಯೋಧರನ್ನ ಕೊಂದವ್ರ ಜೊತೆ ಕೈ ಕುಲುಕ್ತು ಅಂತಾನೇ ಅನ್ಸತ್ತೆ, ಆಗ ತುಂಬಾ ಜನ ಹಾಗೇ ಶೇರ್ ಮಾಡಿದ್ರು. ಬೇರೆ ಬೇರೆ ಗುಂಪು ಅವು, ಒಂದಕ್ಕೊಂದು ಆಗಲ್ಲ.

ಇನ್ನು ಮೂರನೇದು, ಕಾಗದಗಳು. ಮೊದಲನೇ ಕಾಗದ ತುಂಬಾ ಹಳೇದು, 1929ರ ಜನವರಿ. ಕೊಹಿಮಾಗೆ ಸೈಮನ್ ಆಯೋಗ ಬಂದಾಗ ನಾಗಾ ಕ್ಲಬ್ಬಿನ ಇಪ್ಪತ್ತು ಜನ ಸಹಿ ಮಾಡಿದ ಒಂದು ಮನವಿ ಕೊಟ್ರು, ಬ್ರಿಟಿಷರು ಹೋಗೋದಾದ್ರೆ ನಮ್ಮನ್ನ ಬೇರೆ ಯಾರ ಕೈಗೂ ಕೊಡ್ಬೇಡಿ, ಹಿಂದೆ ಹೇಗಿದ್ವೋ ಹಾಗೆ ನಮ್ಮ ಪಾಡಿಗೆ ಬಿಡಿ ಅನ್ನೋದು ಅದ್ರ ಸಾರ. ಇದನ್ನ ಯಾರೋ ಚೀನಾದವ್ರು ಹುಟ್ಟಾಕಿದ ಗಲಾಟೆ ಅನ್ನೋರಿಗೆ ಈ ತಾರೀಖು ತೋರಿಸಿ. ಚೀನಾಕ್ಕೆ ಮುಯಿವಾ ಹೋಗಿದ್ದು 1966ರಲ್ಲಿ, ತರಬೇತಿ ಆಯುಧ ಎಲ್ಲಾ ಅಲ್ಲಿಂದ ಬಂದಿದ್ದೂ ನಿಜ, ಆದ್ರೆ ಬೇಡಿಕೆ ಅದಕ್ಕಿಂತ ಎಷ್ಟೋ ಹಳೇದು. ಎರಡನೇದು 1947ರ ಜೂನಲ್ಲಿ ಅಸ್ಸಾಂ ರಾಜ್ಯಪಾಲ ಹೈದರಿ ಮತ್ತೆ ಎನ್‌ಎನ್‌ಸಿ ನಡುವೆ ಆದ ಹೈದರಿ ಒಪ್ಪಂದ, ಒಂಬತ್ತು ಅಂಶದ್ದು. ಅದ್ರ ಕೊನೇ ಅಂಶದಲ್ಲಿ ಹತ್ತು ವರ್ಷ ಅಂತ ಇತ್ತು. ಹತ್ತು ವರ್ಷ ಆದ್ಮೇಲೆ ಹೊರಗೆ ಹೋಗೋ ಹಕ್ಕಿದೆ ಅಂತ ನಾಗಾಗಳು ಓದಿದ್ರು, ಹತ್ತು ವರ್ಷ ಆದ್ಮೇಲೆ ಆಡಳಿತದ ವ್ಯವಸ್ಥೆ ಪರಿಶೀಲನೆ ಅಷ್ಟೆ ಅಂತ ದೆಹಲಿ ಓದ್ತು. ಹೀಗೆ ಎರಡೂ ಕಡೆಯವ್ರು ತಮಗೆ ಬೇಕಾದ್ದು ಓದ್ಕೊಳ್ಳೋ ಹಾಗೆ ಬರೆಯೋದು ಅಲ್ಲಿಂದ ಶುರುವಾಗಿದ್ದು ಇವತ್ತಿಗೂ ನಿಂತಿಲ್ಲ.

1960ರ ಹದಿನಾರು ಅಂಶದ ಒಪ್ಪಂದ ಭೂಗತರ ಜೊತೆ ಆಗಿದ್ದಲ್ಲ, ನಾಗಾ ಪೀಪಲ್ಸ್ ಕನ್ವೆನ್ಶನ್ ಅನ್ನೋ ಮಧ್ಯಮ ಮಾರ್ಗದವ್ರ ಜೊತೆ. ಅದ್ರಿಂದಲೇ 1963ರ ಡಿಸೆಂಬರ್ 1ಕ್ಕೆ ನಾಗಾಲ್ಯಾಂಡ್ ರಾಜ್ಯ ಆಯ್ತು, 371ಎ ವಿಧಿ ಬಂತು. ನಮ್ಮ ಕಲಬುರಗಿ, ರಾಯಚೂರು ಕಡೆಯವ್ರಿಗೆ 371ಜೆ ಗೊತ್ತೇ ಇದೆ, ನೌಕರಿ ಮತ್ತೆ ಸೀಟಿಗೆ ಮೀಸಲಾತಿ. 371ಎ ಅದಕ್ಕಿಂತ ಬಹಳ ದೂರ ಹೋಗತ್ತೆ: ನಾಗಾಗಳ ಧರ್ಮ, ಸಾಂಪ್ರದಾಯಿಕ ಕಾನೂನು, ಅದ್ರ ಪ್ರಕಾರ ನಡೆಯೋ ನ್ಯಾಯ, ಭೂಮಿ ಮತ್ತೆ ಸಂಪನ್ಮೂಲದ ಒಡೆತನ, ಇವುಗಳ ಬಗ್ಗೆ ಸಂಸತ್ತು ಮಾಡಿದ ಕಾಯ್ದೆ ಅಲ್ಲಿನ ವಿಧಾನಸಭೆ ನಿರ್ಣಯ ಮಾಡಿ ಒಪ್ಪದ ಹೊರತು ಅಲ್ಲಿ ಅನ್ವಯ ಆಗಲ್ಲ. ಆದ್ರೆ ಇದು ಮಣಿಪುರದ ನಾಗಾಗಳಿಗೆ ಇಲ್ಲ.

ಒಂದು ವಿಷ್ಯ ನಮ್ಮವ್ರಿಗೆ ಗೊತ್ತಿರ್ಬೇಕು, ಯಾಕೋ ಕರ್ನಾಟಕದಲ್ಲಿ ಯಾರೂ ಇದನ್ನ ಹೇಳಲ್ಲ. 1995ರಲ್ಲಿ ನರಸಿಂಹರಾವ್ ಪ್ಯಾರಿಸಲ್ಲಿ ಇಸಾಕ್ ಮತ್ತೆ ಮುಯಿವಾನ ಭೇಟಿ ಮಾಡಿದ್ರು. ಅದಾದ್ಮೇಲೆ 1997ರ ಫೆಬ್ರವರೀಲಿ ಜೂರಿಚಲ್ಲಿ ಅವ್ರನ್ನ ಎದುರು ಕೂರಿಸ್ಕೊಂಡು ಮಾತಾಡಿದ ಪ್ರಧಾನಿ ನಮ್ಮ ಹಾಸನದ ದೇವೇಗೌಡ್ರು. ಅದೇ ವರ್ಷ ಕದನ ವಿರಾಮ ಆಯ್ತು, ಅಷ್ಟೊತ್ತಿಗೆ ಗುಜ್ರಾಲ್ ಪ್ರಧಾನಿ ಆಗಿದ್ರು. ಗೌಡ್ರ ಬಗ್ಗೆ ರಾಜಕೀಯವಾಗಿ ಯಾರಿಗೆ ಏನೇ ಅಭಿಪ್ರಾಯ ಇರ್ಲಿ, ನನಗೆ ಮಾತ್ರ ಇದು ಹೆಮ್ಮೆ ಪಡೋ ವಿಷ್ಯ, ಶಾಲೆ ಪುಸ್ತಕದಲ್ಲಿ ಒಂದು ಸಾಲಾದ್ರೂ ಇರ್ಬೇಕಿತ್ತು. 2014ರಿಂದ 2019ರವರೆಗೆ ನಾಗಾಲ್ಯಾಂಡ್ ರಾಜ್ಯಪಾಲರಾಗಿದ್ದ ಪದ್ಮನಾಭ ಆಚಾರ್ಯ ಅವ್ರೂ ಉಡುಪಿಯವ್ರೇ.

ಈಗ ಸುದ್ದೀಲಿ ಬರೋ ಕಾಗದ ಎರಡು. 2015ರ ಆಗಸ್ಟ್ 3ರ ಫ್ರೇಮ್‌ವರ್ಕ್ ಅಗ್ರಿಮೆಂಟ್, ಐಎಂ ಜೊತೆ, ಸರ್ಕಾರದ ಪರ ಮಾತುಕತೆ ನಡೆಸ್ತಿದ್ದ ಆರ್.ಎನ್. ರವಿ ಸಹಿ. ಅದ್ರಲ್ಲಿ ಏನಿದೆ ಅಂತ ವರ್ಷಗಟ್ಟಲೆ ಜನರಿಗೆ ತೋರಿಸಲೇ ಇಲ್ಲ, 2020ರಲ್ಲಿ ರವಿ ಜೊತೆ ಕೆಟ್ಟ ಮೇಲೆ ಐಎಂನವ್ರೇ ಪಠ್ಯ ಹೊರಗಿಟ್ರು. ಎರಡನೇದು 2017ರ ನವೆಂಬರ್ 17ರ ಅಗ್ರೀಡ್ ಪೊಸಿಷನ್, ಇದು ಎನ್‌ಎನ್‌ಪಿಜಿ ಅನ್ನೋ ಬೇರೆ ಬಣಗಳ ಒಕ್ಕೂಟದ ಜೊತೆ. ಐಎಂ ಪ್ರತ್ಯೇಕ ಧ್ವಜ ಮತ್ತೆ ಯೆಹ್ಜಾಬೊ ಅಂತ ಅವ್ರು ಕರಿಯೋ ಸ್ವಂತ ಸಂವಿಧಾನ ಬೇಕೇಬೇಕು ಅಂತ ಕೂತಿದೆ. ಎನ್‌ಎನ್‌ಪಿಜಿ ಈಗ ಸಿಗೋದನ್ನ ತಗೊಂಡು ಸಹಿ ಹಾಕೋಣ, ಉಳಿದಿದ್ದನ್ನ ಆಮೇಲೆ ಮಾತಾಡೋಣ ಅನ್ನತ್ತೆ. ಒಬ್ಬರ ಜೊತೆ ಸಹಿ ಹಾಕಿದ್ರೆ ಇನ್ನೊಬ್ರು ಶಿಲ್ಲಾಂಗ್ ಒಪ್ಪಂದದ ಥರ ಇದೂ ದ್ರೋಹ ಅಂತಾರೆ. 2019ರ ಅಕ್ಟೋಬರ್ 31ಕ್ಕೆ ಮುಗಿಸ್ತೀವಿ ಅಂತ ಗಡುವು ಹಾಕಿದ್ದೂ ಹಾಗೇ ಹೋಯ್ತು.

ಸೇನೆ, ಎನ್‌ಕೌಂಟರ್ ಅಂತ ಸುದ್ದಿ ಬಂದ್ರೆ ಮೊದಲ ದಿನದ್ದನ್ನ ಓದಿ ಅಲ್ಲಿಗೇ ಬಿಡ್ಬೇಡಿ, ದಯವಿಟ್ಟು. 2021ರ ಡಿಸೆಂಬರ್ 4, ಶನಿವಾರ ಸಾಯಂಕಾಲ, ಮೋನ್ ಜಿಲ್ಲೆ ಓಟಿಂಗ್ ಹಳ್ಳಿಯ ಕಲ್ಲಿದ್ದಲು ಗಣಿ ಕೆಲಸದ ಹುಡುಗ್ರು ಪಿಕಪ್ ಗಾಡೀಲಿ ಮನೆಗೆ ಬರ್ತಿದ್ರು, ಉಗ್ರರು ಅಂತ ತಿಳ್ಕೊಂಡು ಸೇನೆಯ ವಿಶೇಷ ಪಡೆ ಗುಂಡು ಹೊಡೀತು, ಆರು ಜನ ಸತ್ರು. ಹುಡುಕ್ಕೊಂಡು ಬಂದ ಊರಿನವ್ರ ಜೊತೆ ಜಗಳ ಆಗಿ ಇನ್ನಷ್ಟು ಜನ, ಒಬ್ಬ ಯೋಧನೂ ಸತ್ತ, ಮರುದಿನ ಮೋನ್ ಪಟ್ಟಣದಲ್ಲಿ ಇನ್ನೊಬ್ರು. ಒಟ್ಟು ಹದಿನಾಲ್ಕು ನಾಗರಿಕರು. ಗಾಡಿ ನಿಲ್ಸಿ ಅಂದ್ರೂ ನಿಲ್ಲಿಸ್ಲಿಲ್ಲ ಅಂತ ಗೃಹಮಂತ್ರಿ ಸಂಸತ್ತಲ್ಲಿ ಹೇಳಿದ್ರು, ಬದುಕುಳಿದವ್ರು ಅದನ್ನ ಒಪ್ಪಲಿಲ್ಲ. ಆ ತಿಂಗಳೇ ನಾಗಾಲ್ಯಾಂಡ್ ವಿಧಾನಸಭೆ ಎಎಫ್‌ಎಸ್‌ಪಿಎ ತೆಗೀರಿ ಅಂತ ಒಮ್ಮತದಿಂದ ನಿರ್ಣಯ ಮಾಡ್ತು. ರಾಜ್ಯದ ಪೊಲೀಸ್ರು 2022ರಲ್ಲಿ ಮೂವತ್ತು ಸೇನಾ ಸಿಬ್ಬಂದಿ ಮೇಲೆ ಆರೋಪಪಟ್ಟಿ ಹಾಕಿದ್ರು, ವಿಚಾರಣೆಗೆ ಕೇಂದ್ರ ಅನುಮತಿ ಕೊಡ್ಲಿಲ್ಲ, 2024ರ ಸೆಪ್ಟೆಂಬರಲ್ಲಿ ಸುಪ್ರೀಂ ಕೋರ್ಟ್ ಕೇಸು ಮುಚ್ಚಿತು. ಇದೆಲ್ಲಾ ನಮ್ಮ ಪೇಪರಲ್ಲಿ ಎಷ್ಟು ಬಂತು? ಮೊದಲ ಎರಡು ದಿನದ್ದು ಬಿಟ್ರೆ ಏನೂ ಇಲ್ಲ. ಅದಕ್ಕೆ ಅಲ್ಲಿನ ಪೇಪರನ್ನೇ ಓದಿ: ಮೊರುಂಗ್ ಎಕ್ಸ್‌ಪ್ರೆಸ್, ನಾಗಾಲ್ಯಾಂಡ್ ಪೋಸ್ಟ್, ಈಸ್ಟರ್ನ್ ಮಿರರ್, ಮೂರೂ ಇಂಗ್ಲಿಷಲ್ಲಿ ಆನ್‌ಲೈನ್ ಸಿಗತ್ತೆ. ಮಣಿಪುರದ ಕಡೆಯಿಂದ ನೋಡೋಕೆ ಇಂಫಾಲದ ಸಾಂಗಾಯ್ ಎಕ್ಸ್‌ಪ್ರೆಸ್.

ಇನ್ನೊಂದು, ಆಫೀಸಲ್ಲೋ ಪಿಜಿಲೋ ನಾಗಾ ಗೆಳೆಯರು ಇದ್ರೆ ನೇರವಾಗಿ ಹೋಗಿ "ನಿಮಗೆ ಪ್ರತ್ಯೇಕ ದೇಶ ಬೇಕಾ" ಅಂತ ಕೇಳ್ಬೇಡಿ. ಅವ್ರ ಮನೇಲಿ ಒಬ್ಬ ಚಿಕ್ಕಪ್ಪ ಕಾಡಿಗೆ ಹೋಗಿರಬಹುದು, ಇನ್ನೊಬ್ಬ ಮಾವ ಅಸ್ಸಾಂ ರೈಫಲ್ಸಲ್ಲಿ ಇರಬಹುದು. ಅಂಗಡಿ ಇಟ್ಟಿರೋ ಅಪ್ಪ ಪ್ರತಿಯೊಂದು ಬಣಕ್ಕೂ ಬೇರೆ ಬೇರೆ ತೆರಿಗೆ ಕಟ್ಟಿ ಸುಸ್ತಾಗಿರಬಹುದು, 2013ರಲ್ಲಿ ದಿಮಾಪುರದಲ್ಲಿ ಎಸಿಎಯುಟಿ ಅನ್ನೋ ಸಂಘಟನೆ ಕಟ್ಕೊಂಡು ಜನರೇ ಬೀದಿಗಿಳಿದು ಈ ವಸೂಲಿ ನಿಲ್ಲಿಸಿ ಅಂದಿದ್ರು. ನಾಗಾ ತಾಯಂದಿರ ಸಂಘ 1984ರಿಂದ ಇದೆ, ಇನ್ನು ರಕ್ತ ಸುರಿಸ್ಬೇಡಿ ಅಂತ ಕ್ಯಾಂಪುಗಳಿಗೇ ನಡ್ಕೊಂಡು ಹೋಗಿ ಕೇಳಿದವ್ರು. ಇದೆಲ್ಲಾ ಒಂದೇ ಮನೆಯೊಳಗೆ ಇರತ್ತೆ. ಊರು ಯಾವುದು, ಯಾವ ಜನಾಂಗ, ಅಲ್ಲಿ ಊಟ ಏನು ಅಂತ ಕೇಳಿ, ಅವ್ರಾಗೇ ಹೇಳಿದ್ರೆ ಕೇಳಿಸ್ಕೊಳ್ಳಿ. 2012ರ ಆಗಸ್ಟಲ್ಲಿ ಬರೀ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಸಾವಿರಾರು ಈಶಾನ್ಯದ ಮಕ್ಕಳು ಮೆಜೆಸ್ಟಿಕ್ ಸ್ಟೇಷನ್ನಿಂದ ಗುವಾಹಟಿ ರೈಲು ಹತ್ತಿದ್ರು, ಆ ಗಲಭೆ ಅಸ್ಸಾಮಿನ ಕೊಕ್ರಾಜಾರದ್ದು, ನಾಗಾಗಳಿಗೆ ಸಂಬಂಧಾನೇ ಇರ್ಲಿಲ್ಲ, ಆದ್ರೂ ನಾಗಾ ಮಕ್ಕಳೂ ಹೋದ್ರು, ಯಾಕಂದ್ರೆ ಈ ಊರಲ್ಲಿ ಅವ್ರನ್ನ ಬೇರೆ ಬೇರೆ ಅಂತ ಗುರುತಿಸೋರು ಇರ್ಲಿಲ್ಲ. ಅಂಥ ವಾಟ್ಸಾಪ್ ಮೆಸೇಜ್ ಮತ್ತೆ ಬಂದ್ರೆ ಫಾರ್ವರ್ಡ್ ಮಾಡೋಕೆ ಮುಂಚೆ ಯಾವ ಜಿಲ್ಲೆ, ಯಾವ ದಿನ ಅಂತ ಮೇಲೆ ಹೇಳಿದ ಪೇಪರ್‌ಗಳಲ್ಲಿ ನೋಡಿ, ಇಲ್ಲ ಅಂದ್ರೆ ಅಲ್ಲಿಗೇ ಅಳಿಸಿಬಿಡಿ.

ಮುಂದಿನ ಸಲ ಮಾತುಕತೆ ಸುದ್ದಿ ಬಂದಾಗ ಏನು ನೋಡ್ಬೇಕು ಅಂತ ಹೇಳಿ ಮುಗಿಸ್ತೀನಿ. ಮೇ 16, ಆಗಸ್ಟ್ 3, ಆಗಸ್ಟ್ 14ರ ಹತ್ರ ಹೇಳಿಕೆಗಳು ಜಾಸ್ತಿ ಬರತ್ವೆ, ಅವು ವಾರ್ಷಿಕ ಭಾಷಣಗಳು, ಅದ್ರಲ್ಲಿ ಹೊಸದೇನಾದ್ರೂ ಇದ್ಯಾ ಅಂತ ಹೋದ ವರ್ಷದ್ದರ ಜೊತೆ ಹೋಲಿಸಿ. ಐಎಂ ಮತ್ತೆ ಎನ್‌ಎನ್‌ಪಿಜಿ ಒಂದೇ ಟೇಬಲ್ಲಿಗೆ ಬಂದ್ರಾ ಅಂತ ನೋಡಿ, ಅದೇ ನಿಜವಾದ ಸುದ್ದಿ. ಧ್ವಜ, ಯೆಹ್ಜಾಬೊ ಬಗ್ಗೆ ಸರ್ಕಾರದ ಪ್ರತಿನಿಧಿ ಏನಂದ್ರು ನೋಡಿ. ಮೋನ್, ತುಯೆನ್‌ಸಾಂಗ್ ಕಡೆಯ ಪೂರ್ವ ಜಿಲ್ಲೆಗಳ ಇಎನ್‌ಪಿಒ ಅನ್ನೋ ಸಂಘಟನೆ ನಾಗಾಲ್ಯಾಂಡ್ ಒಳಗೇ ನಮಗೆ ಬೇರೆ ಆಡಳಿತ ಬೇಕು ಅಂತ ಕೇಳ್ತಾ ಬಂದಿತ್ತು, 2024ರ ಲೋಕಸಭಾ ಚುನಾವಣೇಲಿ ಆ ಆರು ಜಿಲ್ಲೆಗಳಲ್ಲಿ ಜನ ವೋಟ್ ಹಾಕೋಕೇ ಬರ್ಲಿಲ್ಲ, ಹಾಗಾಗಿ ಅವ್ರ ಪ್ರತಿಕ್ರಿಯೆನೂ ಹುಡುಕಿ. ಆಮೇಲೆ ಇಂಫಾಲದ ಪೇಪರ್. ಅಷ್ಟು ಓದಾದ್ಮೇಲೆ ನಮ್ಮ ಟಿವಿ ಚರ್ಚೆ ಹಾಕಿ ನೋಡಿ, ಅದ್ರಲ್ಲಿ ಯಾರು ಏನು ಬಿಟ್ಟು ಮಾತಾಡ್ತಿದಾರೆ ಅಂತ ನಿಮಗೇ ಗೊತ್ತಾಗತ್ತೆ.